ಅವಧಿ ಮುಗಿದ ಬಿಯರ್ ಕಿಟ್‌ನಿಂದ ಬಿಯರ್ ಮಾಡುವುದು ಹೇಗೆ?

ಮನೆಯಲ್ಲೇ ಬಿಯರ್ ಮಾಡುವ ಕಿಟ್ ತಂದ ವಾರವೇ ಬಳಸಿದರೆ ಸರಿ. ಇಲ್ಲವಾದರೆ ಅದು ಅಟ್ಟ ಸೇರಿ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಯಾವತ್ತೋ ಮನೆ ಬದಲಾಯಿಸುವಾಗ ಕೈಗೆ ಸಿಗುತ್ತದೆ. ಒಳಗೆ ಮಾಲ್ಟ್ ಪಾಕದ (ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ಗಟ್ಟಿ ಸಿಹಿ ರಸ) ತಗಡಿನ ಡಬ್ಬಿ, ಅದರ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಯೀಸ್ಟ್‌ನ ಪುಟ್ಟ ಪ್ಯಾಕೆಟ್, ಹೆಂಟೆಗಟ್ಟಿದ ಸಕ್ಕರೆ, ದೊಡ್ಡ ಬಕೆಟ್, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ), ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ತೇಲುಕಡ್ಡಿ), ಒಂದಿಷ್ಟು ಕೊಳವೆ. ಡಬ್ಬಿ ತಿರುಗಿಸಿ ನೋಡಿದರೆ ದಿನಾಂಕ ಮುಗಿದು ಎರಡು ವರ್ಷ ಆಗಿದೆ. ಈಗ ಇದನ್ನು ಎಸೆಯೋದಾ, ಬಳಸೋದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಉಬ್ಬಿಲ್ಲ, ಸೋರಿಲ್ಲ ಅಂದರೆ ಪಾಕವನ್ನು ಬಹುತೇಕ ಬಳಸಬಹುದು. ಯೀಸ್ಟ್ ಮಾತ್ರ ಹೊಸದು ತನ್ನಿ. ಇಡೀ ಕಿಟ್‌ನಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಅದೇ, ಎಲ್ಲಕ್ಕಿಂತ ಬೇಗ ಕೆಡುವುದೂ ಅದೇ. ಆ ಒಂದು ಪ್ಯಾಕೆಟ್ ಉಳಿಸಲು ಹೋಗಿ 20 ಲೀಟರ್ ಬಿಯರ್ ಚರಂಡಿಗೆ ಸುರಿಯುವುದು ಯಾವ ಜಾಣತನ?

ಶುರು ಮಾಡುವ ಮೊದಲು ಇನ್ನೊಂದು ಮಾತು. ಮನೆಯಲ್ಲಿ ಬಿಯರ್ ಮಾಡುವ ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಕಡೆ ಸ್ವಂತ ಬಳಕೆಗೆ ಒಂದು ಮಿತಿಯವರೆಗೆ ಅನುಮತಿ ಇದೆ, ಕೆಲವು ಕಡೆ ಪರವಾನಗಿ ಬೇಕು, ಕೆಲವು ಕಡೆ ಪೂರ್ತಿ ನಿಷೇಧ. ನೀವಿರುವ ಜಾಗದ ನಿಯಮ ನೋಡಿಕೊಂಡೇ ಮುಂದುವರಿಯಿರಿ.

ದಿನಾಂಕವನ್ನು ಓದುವ ರೀತಿ

ಡಬ್ಬಿಯ ಮೇಲಿರುವುದು ಸಾಮಾನ್ಯವಾಗಿ "ಇಷ್ಟರೊಳಗೆ ಬಳಸಿದರೆ ಉತ್ತಮ" ಅನ್ನುವ ದಿನಾಂಕ. ಆ ದಿನ ದಾಟಿದ ಕೂಡಲೇ ಒಳಗಿನ ಪದಾರ್ಥ ವಿಷವಾಗುವುದಿಲ್ಲ. ರುಚಿ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಅಷ್ಟೇ. ಕೆಲವು ಕಂಪನಿಗಳು ದಿನಾಂಕದ ಬದಲು ಒಂದು ಅಂಕಿ ಒತ್ತಿರುತ್ತವೆ. ಐದು ಅಂಕಿಗಳಲ್ಲಿ ಮೊದಲೆರಡು ವರ್ಷ, ಉಳಿದ ಮೂರು ವರ್ಷದ ಎಷ್ಟನೇ ದಿನ ಅನ್ನುವುದು ಇದರ ಒಂದು ಕ್ರಮ. ಹಾಗಿದ್ದರೆ 22145 ಅಂದರೆ 2022ರ 145ನೇ ದಿನ. ಇಂಥ ಅಂಕಿ ತಯಾರಾದ ದಿನವನ್ನೂ ಸೂಚಿಸಬಹುದು. ಅದನ್ನು ನೋಡಿ "ಅಯ್ಯೋ ಮುಗಿದೇ ಹೋಯ್ತು" ಅಂತ ಗಾಬರಿಯಾಗಬೇಡಿ.

ದಿನಾಂಕಕ್ಕಿಂತ ಮುಖ್ಯವಾದ ಪ್ರಶ್ನೆ: ಕಿಟ್ ಎಲ್ಲಿತ್ತು? ತಂಪಾದ ಕತ್ತಲೆ ಕೋಣೆಯಲ್ಲಿ ಮೂರು ವರ್ಷ ಇದ್ದ ಡಬ್ಬಿ, ಬಿಸಿಲಿಗೆ ಕಾದ ತಗಡಿನ ಶೆಡ್‌ನಲ್ಲಿ ಒಂದು ವರ್ಷ ಇದ್ದ ಡಬ್ಬಿಗಿಂತ ಚೆನ್ನಾಗಿರುತ್ತದೆ.

ಮೊದಲು ಡಬ್ಬಿಯ ಹೊರಮೈ

ಡಬ್ಬಿಯನ್ನು ಮೇಜಿನ ಮೇಲಿಟ್ಟು ಎರಡೂ ತುದಿಯ ತಗಡನ್ನು ಬೆರಳಿನಿಂದ ಒತ್ತಿ ನೋಡಿ. ಸಮತಟ್ಟಾಗಿದ್ದರೆ, ಒಳಕ್ಕೆ ಸ್ವಲ್ಪ ತಗ್ಗಿದ್ದರೆ ಸರಿ. ಹೊರಕ್ಕೆ ಉಬ್ಬಿದ್ದರೆ, ಒತ್ತಿದಾಗ ಟಕ್ ಅಂತ ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ ಒಳಗೆ ಗ್ಯಾಸ್ ತುಂಬಿರುವ ಸಾಧ್ಯತೆ ಇದೆ. ಅದನ್ನು ತೆರೆಯಬೇಡಿ, ರುಚಿ ನೋಡಬೇಡಿ, ಹಾಗೇ ಎಸೆಯಿರಿ. ಅಂಚಿನ ಹೊಲಿಗೆಯಲ್ಲಿ ಅಂಟಂಟು ಸೋರಿಕೆ ಇದ್ದರೂ, ತುಕ್ಕು ತಗಡನ್ನು ತಿಂದು ತೂತು ಮಾಡಿದ್ದರೂ ಅದೇ ತೀರ್ಮಾನ. ಮೇಲ್ಮೈಯಲ್ಲಿ ಸ್ವಲ್ಪ ತುಕ್ಕಿನ ಕಲೆ, ಬಿದ್ದು ಆದ ಸಣ್ಣ ತಗ್ಗು, ಇವಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಗ್ಗು ಹೊಲಿಗೆಯ ಮೇಲೇ ಇದ್ದರೆ ಮಾತ್ರ ನನಗೆ ಧೈರ್ಯ ಬರುವುದಿಲ್ಲ.

ಡಬ್ಬಿ ಗಟ್ಟಿಮುಟ್ಟಾಗಿದ್ದರೆ ಇಷ್ಟು ನಂಬಿಕೆ ಯಾಕೆ? ಮಾಲ್ಟ್ ಪಾಕದಲ್ಲಿ ಸುಮಾರು ಶೇ. 80ರಷ್ಟು ಘನಾಂಶ, ಅದರಲ್ಲಿ ಹೆಚ್ಚಿನದು ಸಕ್ಕರೆ. ಅಷ್ಟು ಗಟ್ಟಿ ಪಾಕದಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ನೀರು ಸಿಗುವುದಿಲ್ಲ. ಜೇನುತುಪ್ಪ ವರ್ಷಗಟ್ಟಲೆ ಕೆಡದೆ ಉಳಿಯುವುದೂ ಇದೇ ಕಾರಣಕ್ಕೆ. ಆದರೆ ಪಾಕಕ್ಕೆ ನೀರು ಬೆರೆಸಿದ ಕ್ಷಣ ಈ ರಕ್ಷಣೆ ಹೋಯಿತು. ಹಾಗಾಗಿ ನೀರು ಬೆರೆಸಿದ ಮೇಲೆ ಯೀಸ್ಟ್ ಹಾಕದೆ "ನಾಳೆ ನಾಡಿದ್ದು ನೋಡೋಣ" ಅಂತ ಮುಚ್ಚಿಡಬೇಡಿ. ಹುದುಗು ಮುಗಿದ ಬಿಯರ್‌ನ ಪಿಎಚ್ ಸಾಮಾನ್ಯವಾಗಿ 4.5ಕ್ಕಿಂತ ಕೆಳಗಿರುತ್ತದೆ, ಅಂದರೆ ಅದು ಸಾಕಷ್ಟು ಹುಳಿ. ಜೊತೆಗೆ ಆಲ್ಕೋಹಾಲ್ ಇದೆ, ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಹಾಪ್ಸ್ ಅನ್ನುವ ಹೂವಿನ ಅಂಶ ಇದೆ. ರೋಗ ತರುವ ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆಯುವುದು ಕಷ್ಟ. ಅಪಾಯ ಇರುವುದು ಇವೆರಡರ ನಡುವಿನ ಅವಧಿಯಲ್ಲಿ.

ಲೋಟದಲ್ಲಿ ಪರೀಕ್ಷೆ

ಇಡೀ ಪಾಕವನ್ನು ಬಕೆಟ್‌ಗೆ ಸುರಿಯುವ ಮೊದಲು ಒಂದು ಲೋಟದಲ್ಲಿ ನೋಡಿಬಿಡಿ. ಇದಕ್ಕೆ ಹತ್ತು ನಿಮಿಷ ಸಾಕು. ಡಬ್ಬಿ ತೆರೆದ ಮೇಲೆ ಪಾಕವನ್ನು ಉಳಿಸಿಕೊಳ್ಳುವುದು ಕಷ್ಟ, ಆದ್ದರಿಂದ ಹೊಸ ಯೀಸ್ಟ್ ತಂದಿಟ್ಟುಕೊಂಡು, ಬಿಯರ್ ಮಾಡುವ ದಿನವೇ ಈ ಪರೀಕ್ಷೆ ಮಾಡಿ.

ಮೊದಲು ಕಾಗದದ ಲೇಬಲ್ ಕಿತ್ತು, ಡಬ್ಬಿಯ ಮೇಲ್ಭಾಗವನ್ನು ಸೋಪು ಹಾಕಿ ತೊಳೆಯಿರಿ. ಓಪನರ್‌ನಿಂದ ತೆರೆಯಿರಿ. ಮೊದಲು ಮೂಸಿ. ಚೆನ್ನಾಗಿರುವ ಪಾಕಕ್ಕೆ ಹುರಿದ ಧಾನ್ಯದ, ಬ್ರೆಡ್ಡಿನ ಸಿಹಿ ವಾಸನೆ ಇರುತ್ತದೆ. ಹುಳಿ ವಾಸನೆ, ಮುಗ್ಗಲು ವಾಸನೆ ಬಂದರೆ, ಮೇಲೆ ಬೂಷ್ಟು ಕಂಡರೆ ಅಲ್ಲಿಗೇ ನಿಲ್ಲಿಸಿ.

ಸರಿ ಅನ್ನಿಸಿದರೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ಪಾಕವನ್ನು 200 ಮಿ.ಲೀ. ಬಿಸಿನೀರಿನಲ್ಲಿ ಕಲಕಿ. ಗಾಜಿನ ಲೋಟವಾದರೆ ಒಳ್ಳೆಯದು. ಬೆಳಕಿಗೆ ಹಿಡಿದು ಬಣ್ಣ ನೋಡಿ. ತೆಳು ಬಣ್ಣದ ಬಿಯರ್‌ನ ಕಿಟ್ ಹೊಸದಿದ್ದಾಗ ಹೊಂಬಣ್ಣ ಬರಬೇಕು. ಹಳೆಯದಾದರೆ ತಾಮ್ರದ ಬಣ್ಣ, ತುಂಬಾ ಹಳೆಯದಾದರೆ ಕಂದು. ಪಾಕದಲ್ಲಿರುವ ಸಕ್ಕರೆ ಮತ್ತು ಅಮೈನೋ ಆಮ್ಲಗಳು ವರ್ಷಗಟ್ಟಲೆ ಒಟ್ಟಿಗೆ ಕೂತು ನಿಧಾನಕ್ಕೆ ಬೆರೆಯುವುದರಿಂದ ಹೀಗಾಗುತ್ತದೆ. ಬ್ರೆಡ್ಡಿನ ಮೇಲ್ಪದರ ಒಲೆಯಲ್ಲಿ ಕಂದಾಗುವುದೂ ಇದೇ ಕ್ರಿಯೆಯಿಂದ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯ್ಯಾರ್ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಬಣ್ಣ ಒಂದೇ ಕೆಟ್ಟಿದ್ದರೆ ಅದು ದೋಷವಲ್ಲ. ರುಚಿ ನೋಡಿ ಹೇಳಬೇಕು.

ಲೋಟ ಬೆಚ್ಚಗಾಗುವವರೆಗೆ ಕಾದು ಒಂದು ಗುಟುಕು ಬಾಯಿಗೆ ಹಾಕಿ. ಸಿಹಿ, ಹಿಂದೆಯೇ ಹಾಪ್ಸ್‌ನ ಕಹಿ, ಕೊನೆಗೆ ಸ್ವಲ್ಪ ಟಾಫಿಯ ರುಚಿ ಬಂದರೆ ಪಾಕಕ್ಕೆ ವಯಸ್ಸಾಗಿದೆ, ಆದರೆ ಕೆಲಸಕ್ಕೆ ಬರುತ್ತದೆ. ಸೋಯಾ ಸಾಸ್ ನೆನಪಿಸುವ ರುಚಿ, ಲೋಹದ ಒಗರು, ಒದ್ದೆ ರಟ್ಟಿನ ರುಚಿ ನಾಲಿಗೆಯ ಬದಿಗೆ ಅಂಟಿಕೊಂಡರೆ ಅದು ಬಿಯರ್‌ನಲ್ಲೂ ಉಳಿಯುತ್ತದೆ. ಹುದುಗು ಸಿಹಿಯನ್ನು ತಿನ್ನುತ್ತದೆ, ಈ ರುಚಿಯನ್ನು ತಿನ್ನುವುದಿಲ್ಲ. ಸಿಹಿಯ ಮರೆಯಲ್ಲಿದ್ದದ್ದು ಆಮೇಲೆ ಇನ್ನೂ ಎದ್ದು ಕಾಣುತ್ತದೆ. ಲೋಟದಲ್ಲಿ "ಪರವಾಗಿಲ್ಲ ಬಿಡು" ಅನ್ನಿಸುವಷ್ಟು ಇದ್ದರೆ ಬಾಟಲಿಯಲ್ಲಿ "ಯಾಕೋ ಸರಿಯಿಲ್ಲ" ಅನ್ನಿಸುತ್ತದೆ. ಇಲ್ಲಿ ಸ್ವಲ್ಪ ಕಟುವಾಗಿಯೇ ತೀರ್ಪು ಕೊಡಿ.

ಪುಡಿ ಮಾಲ್ಟ್, ಅಂದರೆ ಒಣಗಿಸಿ ಪುಡಿ ಮಾಡಿದ ಮಾಲ್ಟ್ ಪಾಕ ಇದ್ದರೆ ವಿಷಯ ಸುಲಭ. ತೇವ ತಾಗದಿದ್ದರೆ ಅದು ಪಾಕಕ್ಕಿಂತ ಜಾಸ್ತಿ ಕಾಲ ಬಾಳುತ್ತದೆ. ಗಟ್ಟಿಯಾಗಿದ್ದರೆ ಕುಟ್ಟಿ ಪುಡಿ ಮಾಡಿ ಹಾಕಿ. ಅಂಟಂಟಾಗಿ, ಕಪ್ಪಾಗಿ ಹೋಗಿದ್ದರೆ ಬೇಡ.

ಯೀಸ್ಟ್: ಇಲ್ಲಿ ಜಿಪುಣತನ ಬೇಡ

ಯೀಸ್ಟ್ ಜೀವಂತ ವಸ್ತು. ಒಣಗಿಸಿ ಪ್ಯಾಕೆಟ್ ಮಾಡಿದ್ದರೂ ಒಳಗೆ ಕೋಶಗಳು ಒಂದೊಂದಾಗಿ ಸಾಯುತ್ತಲೇ ಇರುತ್ತವೆ. ಬಿಯರ್ ಮಾಡುವವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಹೀಗಿದೆ: ಫ್ರಿಜ್‌ನಲ್ಲಿದ್ದರೆ ವರ್ಷಕ್ಕೆ ಸುಮಾರು ಶೇ. 4ರಷ್ಟು ಕೋಶಗಳು ಸಾಯುತ್ತವೆ, ಕೋಣೆಯ ಉಷ್ಣಾಂಶದಲ್ಲಿ ಶೇ. 20ರಷ್ಟು. ಅಂದರೆ ಮೂರು ವರ್ಷ ಅಟ್ಟದಲ್ಲಿದ್ದ ಪ್ಯಾಕೆಟ್‌ನಲ್ಲಿ ಅರ್ಧದಷ್ಟೇ ಬದುಕಿರಬಹುದು. ಅಟ್ಟ ಬಿಸಿಯಾಗಿದ್ದರೆ ಅದೂ ಇಲ್ಲ. ಅದರ ಮೇಲೆ ಕಿಟ್ ಜೊತೆ ಬರುವ ಪ್ಯಾಕೆಟ್ ಸಾಮಾನ್ಯವಾಗಿ 5ರಿಂದ 7 ಗ್ರಾಂ ಮಾತ್ರ. ಬೇರೆಯಾಗಿ ಮಾರುವ ಒಣ ಯೀಸ್ಟ್ 11 ಗ್ರಾಂ ಆಸುಪಾಸು ಇರುತ್ತದೆ. ಮೊದಲೇ ಕಡಿಮೆ, ಅದರಲ್ಲಿ ಅರ್ಧ ಹೋಯಿತು. ಉಳಿದ ಕೋಶಗಳು 20 ಲೀಟರ್‌ನ ಕೆಲಸ ಎಳೆದುಕೊಂಡು ಹೋಗುವಷ್ಟರಲ್ಲಿ ಬ್ಯಾಕ್ಟೀರಿಯಾ ಒಳಗೆ ಬಿಡಾರ ಹೂಡಿರುತ್ತದೆ.

ಏಲ್, ಲಾಗರ್ ಅನ್ನುವುದು ಬಿಯರ್‌ನ ಎರಡು ಬಗೆ, ಎರಡಕ್ಕೂ ಯೀಸ್ಟ್ ಬೇರೆ ಬೇರೆ. ಹೊಸ ಯೀಸ್ಟ್ ಕೊಳ್ಳುವಾಗ ಏಲ್ ಯೀಸ್ಟ್ ಕೇಳಿ. ಕಿಟ್ ಮೇಲೆ ಲಾಗರ್ ಅಂತ ಬರೆದಿದ್ದರೂ ಪರವಾಗಿಲ್ಲ. ಲಾಗರ್ ಯೀಸ್ಟ್‌ಗೆ 10ರಿಂದ 14 ಡಿಗ್ರಿ ತಂಪು ಬೇಕು, ಅದನ್ನು ವಾರಗಟ್ಟಲೆ ಕಾಯ್ದುಕೊಳ್ಳಲು ಪ್ರತ್ಯೇಕ ಫ್ರಿಜ್ಜೇ ಬೇಕಾಗುತ್ತದೆ. ಏಲ್ ಯೀಸ್ಟ್ 18ರಿಂದ 22 ಡಿಗ್ರಿಯಲ್ಲಿ ಆರಾಮಾಗಿ ಕೆಲಸ ಮಾಡುತ್ತದೆ.

ಹೊಸ ಯೀಸ್ಟ್ ಸಿಗುವ ದಾರಿಯೇ ಇಲ್ಲ ಅಂದಾಗ ಮಾತ್ರ ಹಳೆಯದನ್ನು ಪರೀಕ್ಷಿಸಿ. ಮೊದಲು ಪ್ಯಾಕೆಟ್ ಅಲುಗಾಡಿಸಿ. ನಿರ್ವಾತ ಮಾಡಿ ಮುಚ್ಚಿದ ಪ್ಯಾಕೆಟ್ ಕಲ್ಲಿನಂತೆ ಗಟ್ಟಿ ಇರಬೇಕು, ಮೆತ್ತಗಾಗಿದ್ದರೆ ಗಾಳಿ ಹೊಕ್ಕಿದೆ ಅಂತ ಅರ್ಥ. ಮಾಮೂಲಿ ಪ್ಯಾಕೆಟ್‌ನಲ್ಲಿ ಕಾಳು ಕಾಳಾಗಿ ಸರಸರ ಅನ್ನಬೇಕು. ಮುದ್ದೆ ಕಟ್ಟಿದ್ದರೆ ಎಸೆಯಿರಿ. ಸರಿ ಇದ್ದರೆ 100 ಮಿ.ಲೀ. ನೀರನ್ನು ಕುದಿಸಿ, ಸುಮಾರು 35 ಡಿಗ್ರಿಗೆ ಆರಿಸಿ. ಮುಟ್ಟಿದರೆ ಉಗುರು ಬೆಚ್ಚಗಿರಬೇಕು. ಶುಚಿ ಮಾಡಿದ ಲೋಟಕ್ಕೆ ಆ ನೀರು ಹಾಕಿ, ಮೇಲೆ ಯೀಸ್ಟ್ ಉದುರಿಸಿ. ಕಲಕದೆ 15 ನಿಮಿಷ ಬಿಡಿ. ಕಾಳುಗಳು ನೀರು ಕುಡಿದು ಒಂದೊಂದಾಗಿ ಕೆಳಗಿಳಿಯುತ್ತವೆ, ನೀರು ಕೆನೆಯಂತೆ ಆಗುತ್ತದೆ. ಆಮೇಲೆ ಕಲಕಿ, ಕುದಿಸಿ ಆರಿಸಿದ ತೆಳು ಮಾಲ್ಟ್ ನೀರನ್ನು ಎರಡು ಚಮಚ ಸೇರಿಸಿ. ಅರ್ಧ ಗಂಟೆಯಲ್ಲಿ ಮೇಲೆ ನೊರೆ ಏಳಬೇಕು, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣಬೇಕು. ಒಂದು ಗಂಟೆ ಆದರೂ ಸುಮ್ನೆ ಕೂತಿದ್ದರೆ ಅದರ ಆಸೆ ಬಿಡಿ.

ನೊರೆ ಬಂತು ಅಂದರೆ ಯೀಸ್ಟ್ ಬದುಕಿದೆ ಅಂತ ಮಾತ್ರ ಗೊತ್ತಾಯಿತು. ಎಷ್ಟು ಬದುಕಿದೆ ಅನ್ನುವುದು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ. ಅದಕ್ಕೇ ಹಳೆಯ ಪ್ಯಾಕೆಟ್ ಎರಡಿದ್ದರೆ ಎರಡೂ ಹಾಕಿ.

ಸತ್ತ ಯೀಸ್ಟ್ ಕೂಡ ದಂಡವಲ್ಲ. ಅದನ್ನು ಪಾಕದ ಜೊತೆ ಕುದಿಸಿದರೆ ಹೊಸ ಯೀಸ್ಟ್‌ಗೆ ಒಳ್ಳೆಯ ಆಹಾರ. ಅಂಗಡಿಯಲ್ಲಿ ಮಾರುವ ಯೀಸ್ಟ್ ಪೋಷಕಗಳಲ್ಲಿ ಎಷ್ಟೋ ಸಲ ಇರುವುದು ಇದೇ. ದ್ರವ ಯೀಸ್ಟ್ ಇರುವ ಹಳೇ ಕಿಟ್ ಆದರೆ ಪರೀಕ್ಷೆಯ ಗೋಜಿಗೂ ಹೋಗಬೇಡಿ. ಫ್ರಿಜ್‌ನಲ್ಲಿಟ್ಟರೂ ಅದರ ಆಯಸ್ಸು ಕೆಲವೇ ತಿಂಗಳು.

ಹಾಪ್ಸ್, ಧಾನ್ಯ, ಸಕ್ಕರೆ

ಪಾಕದಲ್ಲೇ ಹಾಪ್ಸ್ ಸೇರಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಬೇರೆ ಪ್ಯಾಕೆಟ್‌ನಲ್ಲಿ ಹಾಪ್ಸ್ ಗುಳಿಗೆ ಇದ್ದರೆ ಒಂದನ್ನು ಬೆರಳಲ್ಲಿ ಪುಡಿ ಮಾಡಿ ಮೂಸಿ. ಹಸಿರಾಗಿದ್ದು, ಹೂವಿನದೋ ನಿಂಬೆಯದೋ ಪೈನ್ ಮರದ್ದೋ ಘಮ ಇದ್ದರೆ ಧಾರಾಳವಾಗಿ ಬಳಸಿ. ಕಂದಾಗಿ, ಹಳೇ ಚೀಸ್ ವಾಸನೆ, ಬೆವರಿದ ಕಾಲುಚೀಲದ ವಾಸನೆ ಬಂದರೆ ಬೇಡ. ವಾಸನೆ ಏನೂ ಇಲ್ಲದಿದ್ದರೆ ಕಹಿಗೆ ಮಾತ್ರ ಹಾಕಿ, ಪ್ರಮಾಣ ಸ್ವಲ್ಪ ಹೆಚ್ಚಿಸಿ. ಹಳೇ ಹಾಪ್ಸ್ ಎಲ್ಲರಿಗೂ ಬೇಡವಾದ್ದೇನೂ ಅಲ್ಲ. ಬೆಲ್ಜಿಯಂನಲ್ಲಿ ಲ್ಯಾಂಬಿಕ್ ಅನ್ನುವ ಹುಳಿ ಬಿಯರ್ ಮಾಡುವವರು ವರ್ಷಗಟ್ಟಲೆ ಹಳೆಯದಾದ ಹಾಪ್ಸನ್ನೇ ಬೇಕೆಂದು ಬಳಸುತ್ತಾರೆ. ಅವರಿಗೆ ಬೇಕಿರುವುದು ಬಿಯರ್ ಕೆಡದಂತೆ ಕಾಪಾಡುವ ಹಾಪ್ಸ್‌ನ ಗುಣ, ಕಹಿಯಲ್ಲ. ಅವರ ಲೆಕ್ಕ ಬೇರೆ, ನಮ್ಮ ಬಕೆಟ್ಟಿನದು ಬೇರೆ.

ಒಡೆದ ಧಾನ್ಯ ಬೇಗ ಕೆಡುತ್ತದೆ. ಎರಡು ಕಾಳು ಜಗಿಯಿರಿ. ಕರುಮ್ ಅನ್ನಬೇಕು, ಸಿಹಿ ಇರಬೇಕು. ಮೆತ್ತಗಾಗಿದ್ದರೆ, ಕಮಟು ರುಚಿ ಇದ್ದರೆ, ಹುಳ ಹಿಡಿದಿದ್ದರೆ ಹೊಸದು ತನ್ನಿ. ಸಕ್ಕರೆಗೆ ಅವಧಿ ಅಂತ ಇಲ್ಲ. ಗಟ್ಟಿಯಾದ ಡೆಕ್ಸ್‌ಟ್ರೋಸ್ ಸಕ್ಕರೆಯೂ ಬಿಸಿನೀರಿಗೆ ಬಿದ್ದರೆ ಕರಗುತ್ತದೆ.

ಬಕೆಟ್, ನಲ್ಲಿ, ಕೊಳವೆ

ಪದಾರ್ಥಗಳ ಬಗ್ಗೆ ಎಲ್ಲರೂ ಚಿಂತೆ ಮಾಡುತ್ತಾರೆ. ಆದರೆ ಹಳೇ ಕಿಟ್‌ನಲ್ಲಿ ಬಿಯರ್ ಕೆಡಿಸುವ ಇನ್ನೊಂದು ದೊಡ್ಡ ಕಾರಣ ಬಕೆಟ್ಟಿನ ನಲ್ಲಿ. ಮೊದಲ ಸಲ ಬಳಸಿ ಹಾಗೇ ಎತ್ತಿಟ್ಟಿದ್ದ ನಲ್ಲಿಯನ್ನು ಬಿಚ್ಚಿ ನೋಡಿ. ತಿರುಪಿನ ಎಳೆಗಳ ನಡುವೆ ಕಂದು ಬಣ್ಣದ ಒಣಗಿದ ಗಸಿ ಕೂತಿರುತ್ತದೆ. ಎಷ್ಟು ಸ್ಯಾನಿಟೈಸರ್ ಸುರಿದರೂ ಅದರ ಒಳಗೆ ಇಳಿಯುವುದಿಲ್ಲ. ಪೂರ್ತಿ ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ವಾಶರ್ ಗಟ್ಟಿಯಾಗಿ ಸೀಳು ಬಿಟ್ಟಿದ್ದರೆ ಬದಲಾಯಿಸಿ.

ಬಕೆಟ್ ಒಳಗೆ ಟಾರ್ಚ್ ಬಿಟ್ಟು ಗೀರು ನೋಡಿ, ಬೆರಳು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಇದ್ದರೆ ಆ ಬಕೆಟ್ ಬೇರೆ ಕೆಲಸಕ್ಕೆ ಇರಲಿ. ಬರೀ ಹಳೇ ವಾಸನೆ ಇದ್ದರೆ ಆಮ್ಲಜನಕ ಬಿಡುವ ಸೋಡಿಯಂ ಪರ್ಕಾರ್ಬೊನೇಟ್ ಪುಡಿಯನ್ನು ಬಿಸಿನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ತೊಳೆಯಿರಿ. ಸ್ಟೀಲ್ ನಾರು ಮುಟ್ಟಿಸಬೇಡಿ. ರಬ್ಬರ್, ಪ್ಲಾಸ್ಟಿಕ್ ಕೊಳವೆ ಹಳದಿಯಾಗಿದ್ದರೆ, ಒಳಗೆ ಮಂಜು ಮಂಜಾಗಿದ್ದರೆ ಹೊಸದು ಹಾಕಿ. ಅದನ್ನು ತಿಕ್ಕಿ ಶುಚಿ ಮಾಡಲು ಆಗುವುದಿಲ್ಲ.

ಹೈಡ್ರೋಮೀಟರ್ ಸರಿ ಇದೆಯಾ ಅಂತ ನೋಡಲು 20 ಡಿಗ್ರಿಯ ಶುದ್ಧ ನೀರಿನಲ್ಲಿ ತೇಲಿಬಿಡಿ. 1.000 ತೋರಿಸಬೇಕು. ಕೆಲವನ್ನು 15.6 ಡಿಗ್ರಿಗೆ ಹೊಂದಿಸಿರುತ್ತಾರೆ, ಅದು ಒಳಗಿನ ಕಾಗದದ ಮೇಲೇ ಬರೆದಿರುತ್ತದೆ. ಆ ಕಾಗದ ಒಳಗೆ ಜಾರಿದ್ದರೆ ಅಳತೆ ತಪ್ಪುತ್ತದೆ. 1.002 ತೋರಿಸಿದರೆ ಗಾಬರಿ ಬೇಡ, ಪ್ರತಿ ಸಲ 0.002 ಕಳೆಯಿರಿ.

ಕಿಟ್ ಜೊತೆ ಬಂದ ಹಳೇ ಸ್ಯಾನಿಟೈಸರ್ ಪುಡಿಯನ್ನು ನಾನಂತೂ ನಂಬುವುದಿಲ್ಲ. ತೇವ ತಾಗಿದ ಪರ್ಕಾರ್ಬೊನೇಟ್ ಶಕ್ತಿ ಕಳೆದುಕೊಂಡಿರುತ್ತದೆ. ಬ್ಲೀಚ್ ಕೂಡ ತಿಂಗಳುಗಳಲ್ಲೇ ದುರ್ಬಲವಾಗುತ್ತದೆ. ಬ್ಲೀಚ್ ಬಳಸುವುದಾದರೆ ಅದಕ್ಕೆ ವಿನೆಗರ್ ಆಗಲಿ ಬೇರೆ ಯಾವ ಆಮ್ಲವಾಗಲಿ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಯೀಸ್ಟ್ ಜೊತೆಗೇ ಹೊಸ ಸ್ಯಾನಿಟೈಸರ್ ತಂದರೆ ತಲೆನೋವಿಲ್ಲ.

ಬಿಯರ್ ಮಾಡುವ ದಿನ

ಹಳೇ ಪಾಕಕ್ಕೆ ಪೆಟ್ಟಿಗೆಯ ಮೇಲಿನ ಸೂಚನೆಯನ್ನು ಅಕ್ಷರಶಃ ಪಾಲಿಸಬೇಡಿ. ಮೂರು ಬದಲಾವಣೆ ಮಾಡಿಕೊಳ್ಳಿ. ಒಂದು, 23 ಲೀಟರ್ ಬದಲು 20 ಲೀಟರ್ ಮಾಡಿ. ಎರಡು, ಸೂಚನೆಯಲ್ಲಿ ಹೇಳಿದ 1 ಕೆ.ಜಿ. ಸಕ್ಕರೆಯ ಬದಲು 1 ಕೆ.ಜಿ. ಹೊಸ ಪುಡಿ ಮಾಲ್ಟ್ ಹಾಕಿ. ಬರೀ ಸಕ್ಕರೆ ಬಿಯರ್ ಅನ್ನು ತೆಳುವಾಗಿಸುತ್ತದೆ, ತೆಳು ಬಿಯರ್‌ನಲ್ಲಿ ಹಳೇ ರುಚಿ ಅಡಗಿಕೊಳ್ಳಲು ಜಾಗ ಇರುವುದಿಲ್ಲ. ಮೂರು, ಪಾಕ ಕಂದಾಗಿದ್ದರೆ ಅದನ್ನು ತೆಳು ಬಣ್ಣದ ಬಿಯರ್ ಮಾಡಲು ಹೆಣಗಬೇಡಿ. 200 ಗ್ರಾಂ ಕಪ್ಪಗೆ ಹುರಿದ ಮಾಲ್ಟ್ ಧಾನ್ಯವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಸುಮಾರು 65 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೆಗೆಯಿರಿ. ಆ ನೀರಿನಲ್ಲೇ ಪಾಕ ಕರಗಿಸಿ. ಹುರಿದ ರುಚಿ ಮುಂದೆ ಬಂದಾಗ ಹಳೇ ಪಾಕದ ಟಾಫಿ ರುಚಿ ಅದರ ಜೊತೆ ಹೊಂದಿಕೊಂಡುಬಿಡುತ್ತದೆ. ಸ್ಟೌಟ್, ಪೋರ್ಟರ್ ಥರದ ಕಪ್ಪು ಬಿಯರ್‌ಗಳು ಹಳೇ ಕಿಟ್‌ಗೆ ಹೇಳಿ ಮಾಡಿಸಿದಂತಿರುತ್ತವೆ.

ಡಬ್ಬಿಯನ್ನು ಬಿಸಿನೀರಿನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿದರೆ ಪಾಕ ಸಡಿಲವಾಗಿ ಸುಲಭವಾಗಿ ಸುರಿಯುತ್ತದೆ. ದೊಡ್ಡ ಪಾತ್ರೆಯಲ್ಲಿ 4–5 ಲೀಟರ್ ನೀರು ಕಾಯಿಸಿ. ಪಾಕ ಸುರಿಯುವ ಮೊದಲು ಉರಿ ಆರಿಸಿ, ಇಲ್ಲದಿದ್ದರೆ ಪಾಕ ತಳ ಹಿಡಿದು ಸೀದು ಹೋಗುತ್ತದೆ. ಪೂರ್ತಿ ಕರಗಿದ ಮೇಲೆ ಪುಡಿ ಮಾಲ್ಟ್ ಸೇರಿಸಿ, ಮತ್ತೆ ಉರಿ ಹಚ್ಚಿ, 10–15 ನಿಮಿಷ ಕುದಿಸಿ. ಸತ್ತ ಯೀಸ್ಟ್ ಇದ್ದರೆ ಈಗಲೇ ಹಾಕಿ. ಮೊದಲ ಕುದಿ ಬರುವಾಗ ಪಕ್ಕದಲ್ಲೇ ನಿಂತಿರಿ. ನೊರೆ ಮೆಲ್ಲಗೆ ಏರಿ, ಒಮ್ಮೆಲೇ ಉಕ್ಕಿ ಒಲೆ ತುಂಬಾ ಹರಿಯುತ್ತದೆ. ಪಾಕದಲ್ಲಿ ಆಗಲೇ ಹಾಪ್ಸ್ ಇದ್ದರೆ ಇದಕ್ಕಿಂತ ಜಾಸ್ತಿ ಕುದಿಸುವುದು ಬೇಡ, ಉಳಿದಿರುವ ಸ್ವಲ್ಪ ಘಮವೂ ಆವಿಯಾಗಿ ಹೋಗುತ್ತದೆ.

ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಆರಿಸಿ. ಶುಚಿ ಮಾಡಿದ ಬಕೆಟ್‌ಗೆ ಸುರಿದು, ಕುದಿಸಿ ತಣಿಸಿದ ನೀರು ಸೇರಿಸಿ 20 ಲೀಟರ್ ಮಾಡಿ. ಇದಕ್ಕೆ ವರ್ಟ್ ಅನ್ನುತ್ತಾರೆ. 1.7 ಕೆ.ಜಿ. ಪಾಕ, 1 ಕೆ.ಜಿ. ಪುಡಿ ಮಾಲ್ಟ್ ಹಾಕಿದ್ದರೆ ಹೈಡ್ರೋಮೀಟರ್ ಸುಮಾರು 1.044 ತೋರಿಸಬೇಕು. ಈ ಅಂಕಿ ಬರೆದಿಟ್ಟುಕೊಳ್ಳಿ. ವರ್ಟ್ 20 ಡಿಗ್ರಿ ಆಸುಪಾಸಿಗೆ ಬಂದ ಮೇಲೆ ಮಾತ್ರ ಯೀಸ್ಟ್ ಹಾಕಿ, ಮುಚ್ಚಳ ಬಿಗಿ ಮಾಡಿ, ಏರ್‌ಲಾಕ್‌ಗೆ ನೀರು ತುಂಬಿ.

ಮುಂದಿನ ಎರಡು ವಾರ

ಒಂದು ದಿನದೊಳಗೆ ವರ್ಟ್ ಮೇಲೆ ನೊರೆಯ ಪದರ ಕಟ್ಟಬೇಕು. ಏರ್‌ಲಾಕ್ ಗುಳುಗುಳು ಅನ್ನದಿದ್ದರೆ ಹೆದರಬೇಡಿ. ಹಳೇ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಗ್ಯಾಸ್ ಪಕ್ಕದಿಂದ ಹೊರಟುಹೋಗುತ್ತದೆ, ಏರ್‌ಲಾಕ್ ಸುಮ್ಮನಿರುತ್ತದೆ. ನೊರೆ ಇದೆಯಾ, ಸಾಂದ್ರತೆ ಇಳಿಯುತ್ತಿದೆಯಾ ಅನ್ನುವುದೇ ನಿಜವಾದ ಸಾಕ್ಷಿ. ಹಳೇ ಯೀಸ್ಟ್ ಹಾಕಿದ್ದರೆ 48 ಗಂಟೆಯವರೆಗೆ ಕಾಯಬಹುದು. ಅಷ್ಟರಲ್ಲೂ ಏನೂ ಕಾಣದಿದ್ದರೆ ಹೊಸ ಯೀಸ್ಟ್ ಹಾಕಲೇಬೇಕು.

ಕೊಳೆತ ಮೊಟ್ಟೆಯಂಥ ವಾಸನೆ ನಡುವೆ ಬಂದು ಹೋಗುವುದು ಮಾಮೂಲಿ. ವಿನೆಗರ್ ವಾಸನೆ, ಮೇಲೆ ತುಪ್ಪಳದಂಥ ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ ಮಾತ್ರ ಸುರಿದುಬಿಡಿ.

ಒಂದು ವಾರದ ನಂತರ ಸಾಂದ್ರತೆ ನೋಡಿ. ಎರಡು ದಿನ ಬಿಟ್ಟು ಮತ್ತೆ ನೋಡಿ. ಅಂಕಿ ಬದಲಾಗದಿದ್ದರೆ ಹುದುಗು ನಿಂತಿದೆ. ಹೊಸ ಪಾಕವಾದರೆ 1.010ರಿಂದ 1.014ಕ್ಕೆ ಇಳಿಯುತ್ತದೆ. ಹಳೇ ಪಾಕದಲ್ಲಿ ಯೀಸ್ಟ್ ತಿನ್ನಲಾಗದ ಅಂಶ ಹೆಚ್ಚಿರುವುದರಿಂದ 1.018ರಲ್ಲಿ ನಿಲ್ಲಬಹುದು. ನಿಜವಾಗಿ ಮುಗಿದಿದೆಯಾ, ಇಲ್ಲಾ ಯೀಸ್ಟ್ ಸೋತು ಕೂತಿದೆಯಾ? ಇದನ್ನು ತಿಳಿಯಲು ಬಕೆಟ್ಟನ್ನು ಸ್ವಲ್ಪ ಬೆಚ್ಚಗಿನ ಜಾಗಕ್ಕೆ, 21–22 ಡಿಗ್ರಿಗೆ ತನ್ನಿ. ತಳದ ಗಸಿ ಏಳುವಂತೆ ಮೆಲ್ಲಗೆ ಅಲ್ಲಾಡಿಸಿ, ಇನ್ನೂ ಮೂರು ದಿನ ಬಿಡಿ. ಆಗಲೂ ಅಲ್ಲೇ ಇದ್ದರೆ ಮುಗಿದಿದೆ ಅಂತ ಹೇಳಬಹುದು. 1.025ರ ಮೇಲೇ ನಿಂತಿದ್ದರೆ ಮಾತ್ರ ಬಾಟಲಿಗೆ ತುಂಬಬೇಡಿ, ಹೊಸ ಯೀಸ್ಟ್ ಹಾಕಿ ಕಾಯಿರಿ.

ಆಲ್ಕೋಹಾಲ್ ಲೆಕ್ಕ ಸುಲಭ. ಮೊದಲ ಅಂಕಿಯಿಂದ ಕೊನೆಯ ಅಂಕಿ ಕಳೆದು 131 ರಿಂದ ಗುಣಿಸಿ. 1.044ರಿಂದ 1.014ಕ್ಕೆ ಇಳಿದಿದ್ದರೆ ಶೇ. 4ರ ಹತ್ತಿರ.

ಬಾಟಲಿಗೆ ತುಂಬುವಾಗ

ಮನೆ ಬಿಯರ್‌ನಲ್ಲಿ ನಿಜವಾದ ಅಪಾಯ ಅಂದರೆ ಒಡೆಯುವ ಬಾಟಲಿ. ಅವಧಿ ಮುಗಿದ ಪಾಕಕ್ಕಿಂತ ಇದಕ್ಕೆ ಜಾಸ್ತಿ ಹೆದರಬೇಕು. ಹುದುಗು ಮುಗಿಯದೆ ತುಂಬಿದರೆ, ಇಲ್ಲವೇ ಸಕ್ಕರೆ ಹೆಚ್ಚಾದರೆ ಒಳಗಿನ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಕಿಟ್ ಜೊತೆ ಗಾಜಿನ ಬಾಟಲಿಗಳಿದ್ದರೆ ಒಂದೊಂದನ್ನೂ ಬೆಳಕಿಗೆ ಹಿಡಿದು ಬಿರುಕು ನೋಡಿ, ಬಾಯಿಯ ಸುತ್ತ ಬೆರಳು ಆಡಿಸಿ ಚೂರು ಹೋಗಿದೆಯಾ ನೋಡಿ. ಸಂಶಯ ಬಂದದ್ದನ್ನು ಪಕ್ಕಕ್ಕಿಡಿ. ತುಕ್ಕು ಹಿಡಿದ ಬಿರಡೆ ಬೇಡ.

ಗ್ಯಾಸ್ ತುಂಬಲು ಲೀಟರಿಗೆ 6ರಿಂದ 7 ಗ್ರಾಂ ಸಕ್ಕರೆ ಸಾಕು. ಅಂದರೆ 20 ಲೀಟರ್‌ಗೆ 120ರಿಂದ 140 ಗ್ರಾಂ. ಅಳತೆಗೆ ಚಮಚ ಬೇಡ, ತೂಕ ಮಾಡಿ. ಬಾಟಲಿ ಬಾಟಲಿಗೆ ಸಕ್ಕರೆ ಉದುರಿಸುವುದಕ್ಕಿಂತ, ಎಲ್ಲವನ್ನೂ ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿ, ಶುಚಿ ಮಾಡಿದ ಇನ್ನೊಂದು ಬಕೆಟ್‌ಗೆ ಹಾಕಿ. ಅದರ ಮೇಲೆ ಬಿಯರನ್ನು ಕೊಳವೆಯಿಂದ ಇಳಿಸಿದರೆ ಒಂದೇ ಸಮ ಬೆರೆಯುತ್ತದೆ. ಇಳಿಸುವಾಗ ಕೊಳವೆಯ ತುದಿ ಬಿಯರ್ ಒಳಗೇ ಮುಳುಗಿರಲಿ. ಮೇಲಿನಿಂದ ಸುರಿದು ಗಾಳಿ ಸೇರಿದರೆ ಆ ಒದ್ದೆ ರಟ್ಟಿನ ರುಚಿ ಬರುತ್ತದೆ. ಹಳೇ ಪಾಕ ಆ ಕಡೆಗೆ ಆಗಲೇ ಅರ್ಧ ದಾರಿ ನಡೆದಿದೆ ಅಲ್ವಾ, ನಾವೂ ಕೈಜೋಡಿಸುವುದು ಬೇಡ.

ಒಂದು ಬಾಟಲಿಯನ್ನಾದರೂ ಸೋಡಾ ತುಂಬುವಂಥ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ. ದಿನವೂ ಹಿಂಡಿ ನೋಡಿದರೆ ಉಳಿದ ಬಾಟಲಿಗಳ ಒಳಗಿನ ಸ್ಥಿತಿ ಗೊತ್ತಾಗುತ್ತದೆ. ಒತ್ತಿದರೆ ಒಳಹೋಗದಷ್ಟು ಗಟ್ಟಿಯಾದರೆ ಗ್ಯಾಸ್ ತುಂಬಿದೆ. ನಾಲ್ಕೈದು ದಿನಕ್ಕೇ ಕಲ್ಲಾಗಿ ತಳ ಉಬ್ಬಿದರೆ ಎಲ್ಲವನ್ನೂ ಫ್ರಿಜ್‌ಗೆ ಸೇರಿಸಬೇಕು. ಆಗ ಗಾಜಿನ ಬಾಟಲಿ ಎತ್ತುವಾಗ ದಪ್ಪ ಟವಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. ಮಾಮೂಲಿಯಾಗಿ 20 ಡಿಗ್ರಿಯಲ್ಲಿ ಎರಡು ವಾರ ಬೇಕು. ಅಷ್ಟು ದಿನ ಬಾಟಲಿಗಳು ಮುಚ್ಚಳ ಇರುವ ಗಟ್ಟಿ ಪೆಟ್ಟಿಗೆಯೊಳಗೆ ಇರಲಿ.

ಎರಡನೇ ವಾರದ ಕೊನೆಗೆ ಒಂದನ್ನು ತಣ್ಣಗೆ ಮಾಡಿ, ತಳದ ಗಸಿ ಏಳದಂತೆ ಮೆಲ್ಲಗೆ ಬಗ್ಗಿಸಿ ರುಚಿ ನೋಡಿ. ಹಸಿ ಸೇಬಿನ ವಾಸನೆ ಇದ್ದರೆ ಇನ್ನೂ ಎಳಸು, ಎರಡು ವಾರ ಬಿಡಿ, ಹೋಗುತ್ತದೆ. ರಟ್ಟಿನ ರುಚಿ ಇದ್ದರೆ ಕಾದು ಲಾಭವಿಲ್ಲ, ದಿನ ಕಳೆದಂತೆ ಹೆಚ್ಚಾಗುತ್ತದೆ. ಹೇಗಿದ್ದರೂ ಹಳೇ ಪಾಕದ ಬಿಯರನ್ನು ವರ್ಷಗಟ್ಟಲೆ ಕೂಡಿಡಬೇಡಿ. ಎರಡು ಮೂರು ತಿಂಗಳಲ್ಲಿ ಮುಗಿಸಿ, ಕುಡಿದಾದ ಕೂಡಲೇ ಬಾಟಲಿ ತೊಳೆದಿಡಿ, ಬಕೆಟ್ಟಿನ ನಲ್ಲಿಯನ್ನು ಈ ಸಲವಾದರೂ ಬಿಚ್ಚಿಯೇ ಎತ್ತಿಡಿ.